ಅರ್ಧಕ್ಕೇ ನಿಂತ ಟ್ಯೂನ್

ಮಾಳು: ಅದಲ್ಲ! ಇದೂ ಅಲ್ಲ! ತಲ್ಯಾಗ ಇರೂದು ಬ್ಯಾರೇನ ಐತಿ!

ಕೋಮಲ: ತಲ್ಯಾಗ ಏನೇನ್ ಐತಿ ನನಗ ಗೊತ್ತೈತಿ ಬಿಡ್ರಿ. ಹೊರಗ ಬರದಿದ್ರನ ಚಲೋ.

ಮಾಳು ಬೈಯುತ್ತಿದ್ದದ್ದು ಮುಂದಿದ್ದ ಲ್ಯಾಪ್‌ಟಾಪಿಗೆ. ಉತ್ತರ ಕೊಟ್ಟಿದ್ದು ಮಾತ್ರ ಪಡಸಾಲೆಯಲ್ಲಿ ಕಸ ಹೊಡೆಯುತ್ತಿದ್ದ ಹೆಂಡತಿ. ಆ ಯಂತ್ರಕ್ಕಿರುವ ತಾಳ್ಮೆ ಈ ಮನೆಯಲ್ಲಿ ಇನ್ನಾರಿಗೂ ಇರಲಿಲ್ಲ.

ಮಾಳು: ನಿನಗ ಸಂಗೀತದ ಗಂಧಗಾಳಿ ಐತೇನು? ನಾ ಈಗ ಮ್ಯೂಸಿಕ್ ಪ್ರೊಡ್ಯೂಸರ್ ಅದೀನಿ, ತಿಳೀತಿಲ್ಲೊ?

ಕೋಮಲ: ಮುಂಜಾನಿಂದ ಏನ್ ಪ್ರೊಡ್ಯೂಸ್ ಆತ್ರಿ? ನಿಮಗಿಂತ ನಮ್ಮ ಚಂದ್ರಿ ಚಲೋ. ಎರಡೂ ಹೊತ್ತ ಹಾಲರ ಪ್ರೊಡ್ಯೂಸ್ ಮಾಡತೈತಿ.

ಚಂದ್ರಿ ಎಂದರೆ ಅಂಗಳದಾಚೆ ಕೊಟ್ಟಿಗೆಯಲ್ಲಿ ಕಟ್ಟಿದ ಎಮ್ಮೆ. ಕರೋಶಿ ಊರಿನ ಈ ಮನೆಯಲ್ಲಿ ಅದಕ್ಕಿರುವ ಮರ್ಯಾದೆ ಮಾಳುವಿಗೂ ಸಿಗುವ ಕಾಲ ಹತ್ತಿರ ಬಂದಿತ್ತು, ಟ್ಯೂನ್ ಒಂದು ಪೂರ್ತಿಯಾಗಿದ್ದರೆ. ಅವನ ಗೆಳೆಯ ಶೀತಲ್‌ನದು ನಿಪ್ಪಾಣಿಯಲ್ಲಿ ಸೌಂಡ್ ಸಿಸ್ಟಂ ಧಂದೆ. ನಾಳೆ ಶೀತಲ್‌ನ ತಂಗಿಯ ಮದುವೆ. ಮದುಮಗಳು ಮಂಟಪಕ್ಕೆ ನಡೆದು ಬರುವಾಗ ಮಾಳು ಕಟ್ಟಿದ ಟ್ಯೂನ್ ಹಾಕುವುದು, ಮೈಕಿನಲ್ಲಿ ಅವನ ಹೆಸರು ಹೇಳುವುದು ಎಂದು ಮಾತಾಗಿತ್ತು. ಈ ಸುದ್ದಿಯನ್ನು ಮಾಳು ಚಹಾದಂಗಡಿಯಿಂದ ಹಿಡಿದು ಹಾಲಿನ ಡೇರಿಯವರೆಗೆ ಸಾರಿ ಬಂದಿದ್ದ. ಆದರೆ ಟ್ಯೂನ್ ಅರ್ಧಕ್ಕೇ ನಿಂತಿತ್ತು. ಇವತ್ತು ಸಂಜೆ ಒಯ್ಯಲು ಬರುವ ಶೀತಲ್ ಕೈಗೆ ಉಳಿದರ್ಧ ಕೊಡದಿದ್ದರೆ ನಾಳೆ ಸಿನಿಮಾ ಹಾಡು ಹಾಕುತ್ತಾನೆ. ಆಮೇಲೆ ಮಾಳು ಊರಲ್ಲಿ ಮುಖ ತೋರಿಸುವ ಹಾಗಿರಲಿಲ್ಲ.

ಕೋಮಲ: ಅಲ್ರೀ, ಅರ್ಧ ಬಂದದ್ದು ಇನ್ನರ್ಧ ಯಾಕ ಬರವಲ್ದು?

ಮಾಳು: ಅದು ನನ್ನ ಕೈಯಾಗಿಲ್ಲ. ಸಾಕ್ಷಾತ್ ದೇವ್ರ ಕೊಡೂದು. ದಿನಾ ಮುಂಜಾನಿ ಅರೆನಿದ್ದಿಯೊಳಗ ತಾನ ಕೇಳಿಸ್ತೈತಿ. ಮೆತ್ತಗ ಊಂ... ಊಂಹೂಂ... ಅಂತ ಬರತೈತಿ. ಹಿಂದ ಚುರ್, ಚುರ್ ಅಂತ ತಾಳ. ಇನ್ನೇನ ಮ್ಯಾಲ ಏರಬೇಕು ಅನ್ನೂದ್ರಾಗ ಡರ್ರ್ರ್ ಅಂತೈತಿ. ಅಲ್ಲಿಗೆ ಖಲಾಸ್!

ಕೋಮಲ: ದೇವ್ರಿಗೆ ಹೊಟ್ಟಿ ಕೆಟ್ಟಿರಬೇಕು.

ಮಾಳು: ಲೇ!

ಕೋಮಲ: ಎದ್ದ ಕುಂತ ಕೇಳ್ರಿ ಮತ್ತ. ಬಿಸಲ ಏರೂತನಕ ಮಲಗಿದ್ರ ದೇವ್ರೂ ಎಷ್ಟಂತ ಹಾಡ್ಯಾನು?

ಈ ಮಾತಿಗೆ ಮಾಳು ಬಗ್ಗಲಿಲ್ಲ. ‘ಚುರ್ ಚುರ್’ ತಾಳಕ್ಕೆ ಹೊಂದುವ ಸದ್ದು ಹುಡುಕುತ್ತಾ ಲ್ಯಾಪ್‌ಟಾಪಿನಲ್ಲಿದ್ದ ಸದ್ದುಗಳನ್ನೆಲ್ಲ ಒಂದೊಂದಾಗಿ ಒತ್ತಿ ನೋಡಿದ.

ಮಾಳು: ಇದ ಕೇಳು. ಹೆಂಗೈತಿ?

ಕೋಮಲ: ಒಗ್ಗರಣಿ ಹಾಕಿದಂಗ ಐತಿ.

ಮಾಳು: ಇದು?

ಕೋಮಲ: ರೊಟ್ಟಿ ಬಡದಂಗ ಐತಿ. ಅಡಗೀಮನಿ ಬಿಟ್ಟ ಹೊರಗ ಬರ್ರಿ.

ಮಾಳು: ತಾಳ ಹಾಳಾಗಿ ಹೋಗ್ಲಿ. ಇದಕ್ಕ ಹಲಗಿ, ಸನಾದಿ, ಸಂಬಾಳ, ಮ್ಯಾಲ ನಲವತ್ತ ವಾಯಲಿನ್ ಹಾಕೀನಿ. ಈಗ ಕೇಳು!

ಪೆಟ್ಟಿಗೆಯಂಥ ಸ್ಪೀಕರಿನಿಂದ ಹೊರಟ ಸದ್ದಿಗೆ ಮಾಡಿನ ಮೇಲಿದ್ದ ಪಾರಿವಾಳಗಳು ಹಾರಿಹೋದವು.

ಕೋಮಲ: ಮದುವಿನೋ, ಯುದ್ಧಾನೋ? ಆ ಹುಡಗಿ ಮಂಟಪಕ್ಕ ಬರೂದ ಬಿಟ್ಟ ತಿರುಗಿ ಮನಿಗಿ ಓಡ್ಯಾಳು!

ಮಾಳುವಿಗೆ ಅಳುವೇ ಬಂದಿತ್ತು. ತಲೆಯೊಳಗೆ ಬೆಣ್ಣೆಯಂತೆ ಇದ್ದದ್ದು ಹೊರಬರುವಾಗ ಕಲ್ಲಾಗುತ್ತಿತ್ತು. ಸಿಟ್ಟಿನಿಂದ ವಾದ್ಯಗಳನ್ನೆಲ್ಲ ತೆಗೆದು ಎಸೆದು, ಬರೀ ಮೊದಲರ್ಧದ ಊಂಹೂಂ ಅನ್ನು ಕೊಳಲಿನ ಸದ್ದಿನಲ್ಲಿ ದೊಡ್ಡದಾಗಿ ಹಚ್ಚಿಬಿಟ್ಟ. ಮುಗಿದ ಕೂಡಲೇ ಅದು ಮತ್ತೆ ಮೊದಲಿಂದ ಶುರುವಾಗುತ್ತಿತ್ತು. ಹಾಗೆ ತಿರುತಿರುಗಿ ಬರುವಾಗ ಎಲ್ಲೋ ಒಂದು ಕಡೆ ಉಳಿದರ್ಧ ತಾನೇ ಹೊಳೆದೀತು ಎಂಬ ಆಸೆ. ಅಷ್ಟರಲ್ಲಿ ಮೇವು ಹಾಕಲು ಹೋಗಿದ್ದ ಕೋಮಲ ಕೊಟ್ಟಿಗೆಯಿಂದ ಕಿರುಚಿದಳು.

ಕೋಮಲ: ಬಂದ್ ಮಾಡ್ರೀ ಅದನ್ನ! ಚಂದ್ರಿ ತೊರಿ ಬಿಟ್ಟೈತಿ! ಹಾಲೆಲ್ಲಾ ನೆಲಕ್ಕ ಸೋರಾಕತ್ತೈತಿ!

ಮಾಳು: ನಾ ಎಮ್ಮೀಗೆ ಏನ ಮಾಡೀನಿ? ಟ್ಯೂನ್ ಹಚ್ಚೀನಿ ಅಷ್ಟ!

ಆ ಹೊತ್ತಿಗೇ ಶೀತಲ್‌ನ ಗಾಡಿ ಅಂಗಳಕ್ಕೆ ಬಂದು ನಿಂತಿತು.

ಶೀತಲ್: ಟ್ಯೂನ್ ಆತೇನ್ಲೇ ಮಾಳ್ಯಾ? ತಂಗಿ ನಾಕ ಸಲ ಫೋನ್ ಮಾಡ್ಯಾಳ.

ಕೋಮಲ: ಆಗೇತಿ ಬರ್ರಿ ಅಣ್ಣಾರ. ನಿಮ್ಮ ಗೆಳ್ಯಾರ ಹಾಡ ಕೇಳಿ ಎಮ್ಮೀಗೆ ಕರಳ ಕಿತ್ತ ಬಂದೈತಿ.

ಶೀತಲ್ ಟ್ಯೂನ್ ನಿಲ್ಲಿಸಲು ಹೇಳಿ ಕೊಟ್ಟಿಗೆಗೆ ಹೋಗಿ ನೋಡಿದ. ತನ್ನ ಮೊಬೈಲಿನಲ್ಲಿ ಒಂದು ಸಿನಿಮಾ ಹಾಡು ಹಚ್ಚಿದ. ಚಂದ್ರಿ ಬಾಲದಿಂದ ನೊಣ ಹೊಡೆದುಕೊಂಡಿತು. ಆಮೇಲೆ ಮಾಳುವಿನ ಕೈಯಿಂದ ಅವನ ಟ್ಯೂನ್ ಹಚ್ಚಿಸಿದ. ಚಂದ್ರಿ ಕಿವಿ ನಿಮಿರಿಸಿ, ಕಾಲು ಅಗಲಿಸಿ, ಹಿಂಡಿಸಿಕೊಳ್ಳಲು ತಯಾರಾಗಿ ನಿಂತಿತು.

ಶೀತಲ್: ಲೇ, ಇದಕ್ಕ ಈ ಟ್ಯೂನ್ ನಿನಗಿಂತ ಮೊದ್ಲಿಂದ ಗೊತ್ತೈತಿ! ವೈನಿ, ಹಿಂಡೂಮುಂದ ನೀವು ಏನರ ಗುನುಗತೀರೇನ್ರಿ?

ಕೋಮಲ: ಅಯ್ಯ, ನಾ ಯಾಕ ಗುನುಗ್ಲಿ? ನನಗ ಹಾಡಾಕ ಎಲ್ಲಿ ಬರತೈತಿ? ಶಾಳ್ಯಾಗ ಪ್ರಾರ್ಥನಿಗೂ ನನ್ನ ಹಿಂದ ನಿಲ್ಲಸ್ತಿದ್ರು.

ಮಾಳು: ಈಕಿ? ಟ್ಯೂನ್? ಏನ್ ಮಾತಾಡ್ತೀಯೋ ಶೀತಲ್ಯಾ?

ಶೀತಲ್: ಹಿಂಡ್ರಿ ವೈನಿ, ನೋಡೇಬಿಡೂಣು.

ಸಂಜೆಯ ಹಾಲಿನ ಹೊತ್ತೂ ಆಗಿತ್ತು. ಕೋಮಲ ಬಕೆಟ್ ಹಿಡಿದು ಕುಳಿತಳು. ಇಬ್ಬರೂ ಮೊಬೈಲ್ ಎತ್ತಿ ಹಿಡಿದು ಅವಳ ಎಡಬಲ ನಿಂತರು. ಕೋಮಲ ತುಟಿ ಬಿಗಿದಳು. ಚಂದ್ರಿಯೂ ಹಾಲು ಬಿಗಿಹಿಡಿಯಿತು.

ಕೋಮಲ: ಪೋಲೀಸ್ರಂಗ ನಿಂತ್ರ ನಾನೂ ಹಾಡೂದಿಲ್ಲ, ಎಮ್ಮಿನೂ ಹಾಲ ಕೊಡೂದಿಲ್ಲ. ನಡೀರಿ ಆಚಿಗೆ!

ಮಾಳು ತನ್ನ ಮೊಬೈಲನ್ನು ರೆಕಾರ್ಡಿಂಗಿಗೆ ಹಾಕಿ, ಮೆಲ್ಲಗೆ ಮೇವಿನ ಮೇಲೆ ಇಟ್ಟು ಗೆಳೆಯನೊಂದಿಗೆ ಗೋಡೆಯ ಮರೆಗೆ ಸರಿದ. ಕೋಮಲ ಗಂಡನನ್ನು ಬೈಯುತ್ತಾ ಬೈಯುತ್ತಾ ಹಿಂಡತೊಡಗಿದಳು. ಹಾಲು ಬಕೆಟಿಗೆ ಬಿತ್ತು. ಚುರ್, ಚುರ್. ಬೈಗುಳ ಕಡಿಮೆಯಾಯಿತು. ಆಮೇಲೆ ನಿಂತಿತು. ಆಮೇಲೆ, ಊಂ... ಊಂಹೂಂ...

ಮಾಳು ಗೋಡೆ ಹಿಡಿದುಕೊಂಡ. ಅದೇ! ಅವನ ದೇವರ ಟ್ಯೂನ್! ಅದು ಮೆಲ್ಲಗೆ ನಡೆದು, ದಿನವೂ ಕಡಿದುಹೋಗುವ ಜಾಗಕ್ಕೆ ಬಂತು. ಡರ್ರ್ ಅನ್ನಲಿಲ್ಲ. ಟ್ಯೂನ್ ಮೇಲೇರಿತು, ಒಂದು ಕ್ಷಣ ಅಲ್ಲೇ ತೂಗಾಡಿತು, ಆಮೇಲೆ ಇಳಿದು ಮನೆಗೆ ಬಂದಂತೆ ಬಂದು ನಿಂತಿತು. ಮಾಳುವಿನ ಕಣ್ಣು ತುಂಬಿ ಬಂತು. ಹೊಟ್ಟೆಯೂ ಸ್ವಲ್ಪ ಉರಿಯಿತು, ಸುಳ್ಳೇಕೆ.

ಶೀತಲ್: ಮತ್ತ ಆ ಡರ್ರ್ ಯಾವದಲೇ?

ಮಾಳು: ಮುಂಜಾನಿ ಹಾಲ ಒಯ್ಯೂ ಡೇರಿ ಟೆಂಪೋ! ಅದು ಬರೂ ಸಪ್ಪಳಕ್ಕ ಎಚ್ಚರಾಗಿ, ಅದನ್ನ ನಿಲ್ಲಿಸಾಕ ರಸ್ತಾಕ್ಕ ಓಡತೇನಿ. ಉಳದದ್ದು ಈಕಿ ನಾ ಹ್ವಾದಮ್ಯಾಲ ಹಾಡ್ತಾಳ!

ಕೋಮಲ: ಏನ್ರೀ ಅದು ಗುಸುಗುಸು?

ಮಾಳು ಓಡಿ ಹೋಗಿ ಮೊಬೈಲ್ ತಂದು ಅವಳ ಕಿವಿಯ ಹತ್ತಿರ ಹಚ್ಚಿದ.

ಕೋಮಲ: ಯಾರ ಈಕಿ? ಚಲೋ ಹಾಡ್ಯಾಳಲ್ಲ!

ಶೀತಲ್: ನೀವ ರೀ ವೈನಿ!

ಕೋಮಲ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸೆರಗು ಸರಿಸಿದಾಗ ಅವಳು ಬೇರೆಯೇ ಕೋಮಲ.

ಕೋಮಲ: ಹಂಗಾರ ನಿಮಗ ದಿನಾ ಟ್ಯೂನ್ ಕೊಡೂ ಸಾಕ್ಷಾತ್ ದೇವ್ರು ನಾನ ಅನ್ರಿ. ಹೊಟ್ಟಿ ನೆಟ್ಟಗೈತಿ ನನ್ನದು.

ಶೀತಲ್ ಚಹಾ ಕುಡಿದು ಮುಗಿಸುವುದರೊಳಗೆ ಮಾಳುವಿನ ಟ್ಯೂನ್ ತಯಾರಾಯಿತು. ನಲವತ್ತು ವಾಯಲಿನ್‌ಗಳಲ್ಲಿ ಒಂದೂ ಉಳಿಯಲಿಲ್ಲ. ಕೊಳಲು, ಅದರ ಹಿಂದೆ ಅವಳ ಗುನುಗು, ತಾಳಕ್ಕೆ ಬಕೆಟಿಗೆ ಬೀಳುವ ಹಾಲು, ಅಷ್ಟೆ. ಕೇಳುತ್ತಾ ಕೇಳುತ್ತಾ ಶೀತಲ್ ಖಾಲಿ ಬಟ್ಟಲನ್ನೇ ಮತ್ತೆ ತುಟಿಗೆ ಹಚ್ಚಿದ. ತಂಗಿ ಮನೆ ಬಿಟ್ಟು ಹೋಗುತ್ತಾಳೆ ಎಂಬುದು ಅವನಿಗೆ ಆಗಲೇ ನಿಜವೆನಿಸಿರಬೇಕು.

ಶೀತಲ್: ಭಾರಿ ಆಗೇತಲೇ. ಹಾಂ, ಮೈಕಿನ್ಯಾಗ ಯಾರ ಹೆಸರ ಹೇಳ್ಲಿ?

ಮಾಳು ಎಮ್ಮೆಯನ್ನು ನೋಡಿದ, ಲ್ಯಾಪ್‌ಟಾಪ್ ನೋಡಿದ, ಚಹಾದಂಗಡಿಯ ಮುಂದೆ ತಾನು ಕೊಚ್ಚಿಕೊಂಡದ್ದನ್ನೆಲ್ಲ ನೆನೆದ.

ಮಾಳು: ಸಂಗೀತ, ಕೋಮಲ ಅಂತ ಹೇಳು.

ಶೀತಲ್: ಮತ್ತ ನೀ?

ಮಾಳು: ನನ್ನ ಹೆಸರ ಆಮ್ಯಾಲ ಬರ್ಲಿ. ಪ್ರೊಡ್ಯೂಸರ್ ಅಂತ.

ಕೋಮಲ ಗಂಡನ ಬಟ್ಟಲಿಗೆ ಇನ್ನಷ್ಟು ಚಹಾ ಸುರಿದು, ಅವನು ಕೇಳದಿದ್ದರೂ ಸಕ್ಕರೆ ಹಾಕಿದಳು. ಆಮೇಲೆ ಖಾಲಿ ಬಕೆಟನ್ನು ತಂದು ಅವನ ಮುಂದಿಟ್ಟಳು.

ಮಾಳು: ಇದ್ಯಾಕ?

ಕೋಮಲ: ನಾಳಿಂದ ಹಾಲ ನೀವು ಹಿಂಡ್ರಿ. ನಾ ಬಿಸಲ ಏರೂತನಕ ಮಲಗಿರ್ತೀನಿ. ದೇವ್ರು ನನಗೂ ಒಂದ ಟ್ಯೂನ್ ಕೊಡ್ತಾನೇನ ನೋಡೂಣು.