ಊದಿದರೆ ಬರುವ ಆಟ

ತೊಂಬತ್ತೊಂಬತ್ತನೆಯ ಇಸವಿ, ಮೇ ತಿಂಗಳ ಒಂದು ಭಾನುವಾರ, ಮಧ್ಯಾಹ್ನ ಎರಡೂಕಾಲು ಗಂಟೆ. ಸ್ಥಳ, ಮಸ್ಕಿಯ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ನನ್ನ ಹೆಂಡತಿ ಶರಣಮ್ಮ, ಎದುರು ಮನೆಯ ಕಿರಾಣಿ ಅಂಗಡಿ ವೀರಭದ್ರಪ್ಪ, ಅವನ ಹೆಂಡತಿ ಮಹಾದೇವಿ, ಹಿಂದಿನ ಓಣಿಯ ಗೌರಮ್ಮ, ಮತ್ತು ನಾನು. ವಿಷಯ, ಟಿವಿಗೆ ಸಿಕ್ಕಿಸಿ ಆಡುವ ನಮ್ಮ ಹಳೆಯ ವಿಡಿಯೋ ಗೇಮಿನ ಪೆಟ್ಟಿಗೆಯನ್ನು ಕೊಟ್ಟು ಹೊಸದನ್ನು ತರಬೇಕೋ ಬೇಡವೋ ಎಂಬುದು. ಕರೆಂಟು ಇತ್ತು.

ಯಾವ ಗದ್ದಲವನ್ನೇ ಆಗಲಿ, ಯಾವಾಗ, ಎಲ್ಲಿ, ಯಾರು ಯಾರು ಎಂದು ಮೊದಲೇ ಹೇಳಿಬಿಟ್ಟರೆ ಅರ್ಧ ಗದ್ದಲ ತಾನಾಗಿ ಅಡಗುತ್ತದೆ ಎಂದು ನಂಬಿದವನು ನಾನು. ಲಿಂಗಸುಗೂರಿನ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಡ್ರಿಲ್ ಮಾಸ್ತರನಾಗಿದ್ದೆ. ಸೀಟಿ ಊದಿದರೆ ಇಡೀ ಮೈದಾನ ಒಂದೇ ಹೆಜ್ಜೆಗೆ ನಿಲ್ಲುತ್ತಿತ್ತು. ನಿವೃತ್ತಿಯ ದಿನ ಹೆಡ್ ಮಾಸ್ತರರು ಹಾರ ಹಾಕಿ, ದಿನಾ ಐದು ನಿಮಿಷ ಹಿಂದೆ ಬೀಳುವ ಒಂದು ಗೋಡೆ ಗಡಿಯಾರ ಕೊಟ್ಟು, "ಇನ್ನ ಆರಾಮ ಮಲಗ್ರಿ ಮಾಸ್ತರ್ರ" ಎಂದು ಕಳಿಸಿದರು. ಮಸ್ಕಿಗೆ ಬಂದ ಮರುದಿನವೇ ನಾನು ಹಳೆಯ ಧೈರ್ಯದಲ್ಲಿ ಬೆಳಗಿನ ಐದಕ್ಕೆ ಮನೆಯಂಗಳದಲ್ಲಿ ನಿಂತು ಸೀಟಿ ಊದಿದೆ. ಓಣಿಯ ನಾಯಿಗಳೆಲ್ಲ ಬಂದು ಹೆಚ್ಚೂಕಡಿಮೆ ಸಾಲಾಗಿಯೇ ನಿಂತವು. ಮನುಷ್ಯರು ಯಾರೂ ಏಳಲಿಲ್ಲ. ಶರಣಮ್ಮ ಮಾತ್ರ ಎದ್ದು ಬಂದು, ನನ್ನ ಕೊರಳಿನಿಂದ ಸೀಟಿ ತೆಗೆದು ಪಡಸಾಲೆಯ ಮೊಳೆಗೆ ತೂಗುಹಾಕಿ, "ಇದು ಇಲ್ಲೇ ಇರ್ಲಿ ಬಿಡ್ರಿ, ಪಾಪ ದಣದೈತಿ" ಎಂದಳು. ಸೀಟಿಗೆ ಅಂದು ಸಿಕ್ಕ ನಿವೃತ್ತಿ ನನಗೆ ಸಿಕ್ಕಿದ್ದಕ್ಕಿಂತ ಮರ್ಯಾದೆಯದ್ದಾಗಿತ್ತು.

ಸೀಟಿ ಹೋದರೂ ವೇಳಾಪಟ್ಟಿಯನ್ನು ನಾನು ಬಿಡಲಿಲ್ಲ. ಐದಕ್ಕೆ ಏಳುವುದು, ಒಂದಕ್ಕೆ ಊಟ, ಎರಡರಿಂದ ಮೂರು ಮಲಗುವುದು. ಇವುಗಳಲ್ಲಿ ಮನೆಯವರು ಮನಸ್ಸಿನಿಂದ ಗೌರವಿಸುತ್ತಿದ್ದದ್ದು ಕೊನೆಯದನ್ನು ಮಾತ್ರ, ಏಕೆಂದರೆ ಆ ಒಂದು ತಾಸು ನಾನು ಯಾರಿಗೂ ಏನೂ ಹೇಳುತ್ತಿರಲಿಲ್ಲ. ಆ ತಾಸಿಗೂ ಕಲ್ಲು ಬಿದ್ದದ್ದು ಈ ಪೆಟ್ಟಿಗೆಯಿಂದ. ರಾಯಚೂರಿನಲ್ಲಿರುವ ಮಗಳು ಒಮ್ಮೆ ರಜೆಗೆ ಬಂದಾಗ ಅದನ್ನು ಎರಡು ಕ್ಯಾಸೆಟ್ಟುಗಳ ಸಮೇತ ತಂದು ಇಲ್ಲೇ ಮರೆತು ಹೋದಳು. ಕಳಿಸಿಕೊಡೋಣ ಎಂದರೆ ಶರಣಮ್ಮ, ಇರಲಿ, ಮುಂದಿನ ರಜೆಗೆ ಅವಳೇ ಬಂದು ಒಯ್ಯುತ್ತಾಳೆ ಎಂದಳು. ಮುಂದಿನ ರಜೆ ಬರುವಷ್ಟರಲ್ಲಿ ನನ್ನ ಐವತ್ತೈದು ವರ್ಷದ ಹೆಂಡತಿ ಕಾರಿನ ಆಟದಲ್ಲಿ ಒಂದು ಲಾರಿಗೂ ತಗಲದೆ ಮೂರು ಊರು ದಾಟುತ್ತಿದ್ದಳು. ಮಗಳು ಪೆಟ್ಟಿಗೆಯನ್ನು ಅವಳಿಗೇ ಬಿಟ್ಟಳು. ಹಿಂದೊಮ್ಮೆ ನಾನು ಸೈಕಲ್ ಕಲಿಸಲು ಹೋದಾಗ ನಿಂತ ಎಮ್ಮೆಗೆ ಗುದ್ದಿದ್ದವಳು ಇವಳೇ. ಕಲಿಸುವವರಿಲ್ಲದಿದ್ದರೆ ಜನ ಎಷ್ಟು ಬೇಗ ಕಲಿಯುತ್ತಾರೆ ಎಂದು ನನಗೆ ಅಂದು ತಿಳಿಯಿತು.

ಮಹಾದೇವಿ ಒಂದು ವಾರ ನೋಡುತ್ತ ಕುಳಿತಿದ್ದು, ಎರಡನೆಯ ವಾರ ಗಂಡನನ್ನು ಲಿಂಗಸುಗೂರಿಗೆ ಅಟ್ಟಿ ಇಟ್ಟಿಗೆ ಜೋಡಿಸುವ ಆಟದ ಕ್ಯಾಸೆಟ್ಟು ತರಿಸಿದಳು. ಬರೀ ಕೈಯಲ್ಲಿ ಬಂದು ಇನ್ನೊಬ್ಬರ ಮನೆಯಲ್ಲಿ ಎಷ್ಟು ದಿನ ಆಡುವುದು ಎಂಬುದು ಅವಳ ಲೆಕ್ಕ. ಗೌರಮ್ಮ ಬಂದದ್ದು ಆಮೇಲೆ. ಆಕೆ ಪಾಮನಕಲ್ಲೂರಿನ ಕಡೆಯವಳು, ಗಂಡನಿಲ್ಲ, ಬೆಳಗಿನಿಂದ ಮಧ್ಯಾಹ್ನದವರೆಗೆ ಬಸ್ ಸ್ಟ್ಯಾಂಡಿನ ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುತ್ತಾಳೆ. ಆಕೆಯ ಮನೆಯಲ್ಲಿ ಟಿವಿ ಇಲ್ಲ. ಆದರೆ ಕ್ಯಾಸೆಟ್ಟು ಇತ್ತು! ಗೊರೇಬಾಳದಿಂದ ಹೈದರಾಬಾದಿಗೆ ಭತ್ತದ ಲಾರಿ ಹೊಡೆಯುವ ಅವಳ ತಮ್ಮ ಡಬ್ಬಿಯ ಮೇಲಿನ ಯುದ್ಧದ ಟ್ಯಾಂಕಿನ ಚಿತ್ರಕ್ಕೆ ಮರುಳಾಗಿ ಅಕ್ಕನಿಗೆಂದು ಕೊಂಡು ತಂದಿದ್ದ. ಅದನ್ನು ಯಾವುದಕ್ಕೆ ಸಿಕ್ಕಿಸಬೇಕು ಎಂದು ಅವನೂ ಕೇಳಲಿಲ್ಲ, ಅಂಗಡಿಯವನೂ ಹೇಳಲಿಲ್ಲ. ಒಂದು ವರ್ಷ ಅದು ದೇವರ ಜಗಲಿಯ ಮೇಲೆ ಫೋಟೋಗಳ ಪಕ್ಕ ಕುಂಕುಮ ಹಚ್ಚಿಸಿಕೊಂಡು ಕುಳಿತಿತ್ತು. ಒಂದು ಮಧ್ಯಾಹ್ನ ನಮ್ಮ ಕಿಟಕಿಯಿಂದ ಹೊರಟ ಟುಂಯ್ ಟುಂಯ್ ಸದ್ದು ಕೇಳಿ, ಆಕೆ ಅದನ್ನು ಕೆಂಪು ಬಟ್ಟೆಯಲ್ಲಿ ಸುತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಳು. "ಅಣ್ಣಾರ, ಇದು ನಿಮ್ಮ ಪೆಟ್ಟಿಗ್ಯಾಗ ಹೋಗತೈತೇನ್ರಿ?"

ಹೋಯಿತು. ಅಂದಿನಿಂದ ಮೂವರೂ ಹೆಂಗಸರು ದಿನಾ ಎರಡು ಗಂಟೆಗೆ ಹಾಜರು. ಅಂಗಡಿಯಲ್ಲಿ ಗಿರಾಕಿ ಕಡಿಮೆಯಾದಾಗ ವೀರಭದ್ರಪ್ಪನೂ ಬಂದು ಕೂಡುತ್ತಿದ್ದ. ಇದಿಷ್ಟೇ ಆಗಿದ್ದರೆ ನಾನು ಒಳಕೋಣೆಯ ಬಾಗಿಲು ಹಾಕಿಕೊಂಡು ಮಲಗುತ್ತಿದ್ದೆ. ಆದರೆ ಈ ಕ್ಯಾಸೆಟ್ಟುಗಳಿಗೆ ಒಂದು ರೋಗವಿತ್ತು. ಸಿಕ್ಕಿಸಿದ ಕೂಡಲೇ ಆಟ ಬರುತ್ತಿರಲಿಲ್ಲ, ಪರದೆಯ ತುಂಬ ಅಡ್ಡಗೆರೆಗಳು ಓಡುತ್ತಿದ್ದವು. ಆಗ ಕ್ಯಾಸೆಟ್ಟನ್ನು ಹೊರತೆಗೆದು, ಅದರ ಬಾಯಿಯೊಳಗೆ ಜೋರಾಗಿ ಊದಿ, ಮತ್ತೆ ಸಿಕ್ಕಿಸಬೇಕು. ಶರಣಮ್ಮ ಊದಿದರೆ ಗೆರೆಗಳು ದಪ್ಪವಾಗುತ್ತಿದ್ದವು. ಮಹಾದೇವಿಗೆ ಉಬ್ಬಸ. ವೀರಭದ್ರಪ್ಪ ಒಮ್ಮೆ ಊದಿದ, ಅವನ ಎಲೆಅಡಿಕೆಯ ಕೆಂಪನ್ನು ಒರೆಸಲು ಎರಡು ದಿನ ಹಿಡಿಯಿತು. ಕಡೆಗೆ ಯಾರಿಗೋ ಮೊಳೆಯ ಮೇಲಿನ ಸೀಟಿ ಕಾಣಿಸಿರಬೇಕು. ನನ್ನನ್ನು ಎಬ್ಬಿಸಿದರು. ನಾನು ಮಲಗಿದ್ದವನು ಎದ್ದು, ಮೂವತ್ತು ವರ್ಷದ ಅಭ್ಯಾಸದಂತೆ ಎದೆ ತುಂಬ ಗಾಳಿ ಎಳೆದುಕೊಂಡು ಒಂದೇ ಒಂದು ಬಾರಿ ಊದಿದೆ. ಆಟ ಬಂತು. ಅಲ್ಲಿಗೆ ನನ್ನ ನಿದ್ದೆ ಹೋಯಿತು. ದಿನಾ ಎರಡೂಕಾಲಿಗೆ ಬಾಗಿಲು ತಟ್ಟುವುದು, "ಮಾಸ್ತರ್ರ, ಒಂದೀಟು ಊದಿ ಹೋಗ್ರಿ." ನಾನು ಗೊಣಗುತ್ತ ಎದ್ದು, ಊದಿ, ಹಾಸಿಗೆಗೆ ಮರಳಿ, ನಿದ್ದೆ ಬಾರದೆ ತಾರಸಿ ನೋಡುತ್ತಿದ್ದೆ.

ಆದ್ದರಿಂದ ಸಿಂಧನೂರಿನ ಅಂಗಡಿಯೊಂದರಲ್ಲಿ ಹೊಸ ನಮೂನೆಯ ಪೆಟ್ಟಿಗೆ ಬಂದಿದೆ, ಅದರಲ್ಲಿ ಕ್ಯಾಸೆಟ್ಟಿನ ಬದಲು ತಟ್ಟೆಯಂಥ ಸಿ.ಡಿ. ಹಾಕುತ್ತಾರೆ, ಊದುವ ಕೆಲಸವೇ ಇಲ್ಲ ಎಂದು ವೀರಭದ್ರಪ್ಪ ಸುದ್ದಿ ತಂದಾಗ ಎಲ್ಲರಿಗಿಂತ ಹೆಚ್ಚು ಸಂತೋಷವಾದದ್ದು ನನಗೆ. ಶುಕ್ರವಾರ ಬೆಳಗಿನ ಬಸ್ಸಿಗೇ ಹೋಗಿ ವಿಚಾರಿಸಿ ಬಂದೆ. ಅಂಗಡಿಯವನು ಹಳೆಯ ಪೆಟ್ಟಿಗೆಯನ್ನು ತೆಗೆದುಕೊಂಡು ಹೊಸದರ ಬೆಲೆಯಲ್ಲಿ ಒಂದಿಷ್ಟು ಬಿಡುವುದಾಗಿ ಹೇಳಿದ. ಆದರೆ ಅವನದು ಎರಡು ಷರತ್ತು. ಹಳೆಯ ಪೆಟ್ಟಿಗೆಯ ಜೊತೆ ಇರುವ ಕ್ಯಾಸೆಟ್ಟುಗಳನ್ನೆಲ್ಲ ಒಟ್ಟಿಗೆ ಕೊಡಬೇಕು, ಒಂದು ಕಡಿಮೆಯಾದರೂ ವ್ಯವಹಾರವಿಲ್ಲ. ಹೊಸ ಆಟದ ಸಿ.ಡಿ.ಯ ಕವರು ಒಮ್ಮೆ ಒಡೆದರೆ ವಾಪಸ್ಸಿಲ್ಲ, ಬದಲಿಯಿಲ್ಲ. ಅದನ್ನು ಇನ್ನೊಬ್ಬರಿಗೆ ಆಡಲು ಕೊಡಕೂಡದು, ಕೈಯಿಂದ ಕೈಗೆ ಹೋಗಿ ಗೀರು ಬಿದ್ದರೆ ಅವನ ಜವಾಬ್ದಾರಿಯೂ ಇಲ್ಲ. ನಾನು ಶಿಸ್ತಿನವನು, ಷರತ್ತು ಎಂದರೆ ನನಗೆ ಇಷ್ಟ. ಕ್ಯಾಸೆಟ್ಟು ನಾಲ್ಕಿವೆ, ಸೋಮವಾರ ತರುತ್ತೇನೆ ಎಂದು ಹೇಳಿ ಬಂದೆ. ಆ ನಾಲ್ಕರಲ್ಲಿ ಯಾವುದು ಯಾರದು ಎಂಬ ಯೋಚನೆ ನನಗೆ ಬರಲಿಲ್ಲ. ಮೈದಾನದಲ್ಲಿ ತಲೆ ಎಣಿಸಿದವನಿಗೆ ಮುಖ ನೋಡುವ ರೂಢಿ ಇರುವುದಿಲ್ಲ.

ಭಾನುವಾರದ ಸಭೆ ಸೇರಿದ್ದು ಹೀಗೆ. ವೀರಭದ್ರಪ್ಪ ಮೊದಲು ಮಾತು ತೆಗೆದ. "ಒಂದ ಪೆಟ್ಟಿಗಿ, ಮೂರು ಕೆಲಸ. ಸಿನಿಮಾ ಹಾಕ್ರಿ, ಹಾಡು ಹಾಕ್ರಿ, ಬ್ಯಾಸರಾದ್ರ ಆಟ ಆಡ್ರಿ. ಮ್ಯಾಲ ಒಂದು ಮೈಕ್ ಕೊಡತಾನ, ನಾವ ಹಾಡಬಹುದು." ಹಾಡುವ ಮಾತು ಬಂದಾಗ ಮಹಾದೇವಿ ಕಣ್ಣು ಮುಚ್ಚಿಕೊಂಡಳು. ಆದರೆ ಸಿನಿಮಾ ಎಂದರೆ ಅವಳಿಗೂ ಆಸೆಯೇ.

ಶರಣಮ್ಮ ಕೈಯಲ್ಲಿನ ಆಟದ ಹಿಡಿಕೆಯನ್ನು ಕೆಳಗಿಡದೆಯೇ ಕೇಳಿದಳು. "ಸಿನಿಮಾ ಮೂರು ತಾಸು ಇರತೈತಿ. ಕರೆಂಟು ಎರಡು ತಾಸು ಇರತೈತಿ. ಆಟ ಆಡೋರು ಯಾವಾಗ ಆಡಬೇಕ್ರಿ?"

ವೀರಭದ್ರಪ್ಪ ಮೈಕಿನ ಮಾತನ್ನೇ ಇನ್ನೊಮ್ಮೆ ಹೇಳಿದ. ಮಾತು ಎರಡನೆಯ ಷರತ್ತಿಗೆ ಹೊರಳಿತು. ಆಡಿದ ಆಟವನ್ನು ಇನ್ನೊಬ್ಬರಿಗೆ ಕೊಡಬಾರದಂತೆ ಎಂಬುದು ಮಹಾದೇವಿಗೆ ಅರ್ಥವೇ ಆಗಲಿಲ್ಲ. ಮೊಸರಿಗೆ ಹೆಪ್ಪು ಕೇಳಿಕೊಂಡು ಬಂದವರಿಗೆ ಇದು ನನ್ನ ಹಾಲಿಗೆ ಮಾತ್ರ ಎನ್ನಲಾಗುತ್ತದೆಯೇ ಎಂದಳು. ವೀರಭದ್ರಪ್ಪ ಎಷ್ಟಾದರೂ ವ್ಯಾಪಾರಿ, ಅಂಗಡಿಯವನ ಪರ ನಿಂತ. ಒಬ್ಬ ಕೊಂಡು ಓಣಿಯೆಲ್ಲ ಆಡಿದರೆ ಮಾರುವವನು ಏನು ತಿನ್ನಬೇಕು ಎಂಬುದು ಅವನ ತಕರಾರು. ಮಹಾದೇವಿ ಗಂಡನ ಕಡೆ ತಿರುಗಿದಳು. "ದಿನಾ ಮುಂಜಾನೆ ಮಾಸ್ತರ ಮನ್ಯಾಗ ಬಂದು ಪೇಪರ್ ಓದತೀರಲ್ಲ, ಪೇಪರ್ನವ ಏನು ತಿನ್ನಬೇಕ್ರಿ?" ವೀರಭದ್ರಪ್ಪ ಎದ್ದು ಎಲೆಅಡಿಕೆ ಉಗುಳಲು ಹೊರಗೆ ಹೋದ. ಉಗುಳುವಂಥದ್ದು ಬಾಯಲ್ಲಿ ಏನೂ ಇರಲಿಲ್ಲ.

ನಾನು ಮೊದಲ ಷರತ್ತನ್ನು ಸಭೆಯ ಮುಂದಿಟ್ಟದ್ದು ಆಗ. ನಾಲ್ಕೂ ಕ್ಯಾಸೆಟ್ಟು ಕೊಡಬೇಕು ಎಂದೆ. ಗೌರಮ್ಮ ಪೆಟ್ಟಿಗೆಯ ಪಕ್ಕ ಇಟ್ಟಿದ್ದ ತನ್ನ ಕ್ಯಾಸೆಟ್ಟನ್ನು ನನ್ನ ಕಡೆ ಸರಿಸಿದಳು. "ತಗೊಂಡು ಹೋಗ್ರಿ ಅಣ್ಣಾರ," ಎಂದಳು. "ಎಲ್ಲಾರ್ದೂ ಹೊಂಟಾವಂದ್ರ ನಂದೂ ಹೋಗ್ಲಿ." ನಾಳೆಯಿಂದ ಮಧ್ಯಾಹ್ನ ತನಗೆ ಬರಲು ಆಗುವುದಿಲ್ಲ, ಮನೆಯಲ್ಲಿ ಕೆಲಸ ಬಿದ್ದಿದೆ ಎಂದು ಸೇರಿಸಿ, ಖಾಲಿಯಾದ ಕೆಂಪು ಬಟ್ಟೆಯನ್ನು ಮಡಚತೊಡಗಿದಳು. ಕೆಲಸ ಮೊದಲು, ಆಟ ಆಮೇಲೆ, ಬಹಳ ಒಳ್ಳೆಯದು ಎಂದು ನಾನು ಮೆಚ್ಚಿಕೊಂಡೆ. ಶರಣಮ್ಮ ನನ್ನನ್ನು ಒಮ್ಮೆ ನೋಡಿ, ಚಹಾಕ್ಕೆ ಸಕ್ಕರೆ ಡಬ್ಬಿ ಸಿಗುತ್ತಿಲ್ಲ, ಬಂದು ತೆಗೆದುಕೊಡಿ ಎಂದು ಅಡುಗೆಮನೆಗೆ ಕರೆದಳು. ನಾವು ಮಸ್ಕಿಗೆ ಬಂದ ದಿನದಿಂದ ಒಂದೇ ಜಾಗದಲ್ಲಿರುವ ಡಬ್ಬಿ ಅದು.

"ಅಕಿ ನಮ್ಮ ಮನಿಗಿ ಒಂದ ದಿನಾನೂ ಬರಿಗೈಲೆ ಬಂದಿಲ್ಲ," ಎಂದಳು ತಗ್ಗಿದ ದನಿಯಲ್ಲಿ. "ಆ ಕ್ಯಾಸೆಟ್ ಹಿಡಕೊಂಡ ಬರತಾಳ, ಹಿಡಕೊಂಡ ಹೋಗತಾಳ. ಅದನ್ನ ಕೊಟ್ಟ ಮ್ಯಾಲ ಅಕಿ ಇಲ್ಲಿಗಿ ಏನಂತ ಬರಬೇಕು? ಟಿವಿ ನೋಡಾಕ ಬಂದಾಳ ಅಂತ ಅನಿಸಿಗೊಳ್ಳಾಕ?"

ಅದಕ್ಕೇನು, ಸುಮ್ಮನೆ ಬಾ ಎಂದು ನಾನೇ ಹೇಳಿಬಿಡುತ್ತೇನೆ ಎಂದೆ.

"ಅದನ್ನ ಮಾತ್ರ ಹೇಳಬ್ಯಾಡ್ರಿ. ಹೇಳಿದ್ರ ಅಕಿ ಈ ಓಣಿಗೂ ಬರಂಗಿಲ್ಲ."

ನಾನು ಸಕ್ಕರೆ ಡಬ್ಬಿ ಹಿಡಿದು ನಿಂತೆ. ಹೆಂಗಸರು ಇಷ್ಟು ಸಣ್ಣದನ್ನು ಇಷ್ಟು ದೊಡ್ಡದು ಮಾಡುತ್ತಾರಲ್ಲ ಎಂದುಕೊಂಡೆ. ಆಟ ಆಡಲು ಬರುವವರು ಆಟಕ್ಕೆ ಬರಬೇಕು, ಕೈಯಲ್ಲಿ ಏನಿದೆ ಎಂಬುದಕ್ಕಲ್ಲ. ನಿಯಮದ ಪ್ರಕಾರ ನನ್ನ ಮಾತು ಸರಿಯಾಗಿಯೇ ಇತ್ತು. ಪಡಸಾಲೆಗೆ ಬಂದು, ಇನ್ನು ಕೈ ಎತ್ತಿಸಿ ತೀರ್ಮಾನ ಮಾಡೋಣ ಎಂದೆ. ಹೊಸದು ಬೇಕು ಎನ್ನುವವರು ಎಂದಾಗ ವೀರಭದ್ರಪ್ಪ ಎತ್ತಿದ, ಸಿನಿಮಾದ ಆಸೆಗೆ ಮಹಾದೇವಿಯೂ ಅರ್ಧ ಎತ್ತಿದಳು. ಹಳೆಯದೇ ಇರಲಿ ಎನ್ನುವವರು ಎಂದಾಗ ಶರಣಮ್ಮ ಒಬ್ಬಳೇ. ಪೆಟ್ಟಿಗೆ ತನ್ನದಲ್ಲ, ತಾನು ಯಾಕೆ ಕೈ ಎತ್ತಲಿ ಎಂದು ಗೌರಮ್ಮ ಸುಮ್ಮನೆ ಕುಳಿತಳು. ಉಳಿದವನು ನಾನು. ನನ್ನ ಕೈ ಯಾವ ಕಡೆಗೆ ಏಳುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು, ಕೈಗೂ ಗೊತ್ತಿತ್ತು.

ಅಷ್ಟರಲ್ಲಿ ಮಹಾದೇವಿ, ಹೋಗುವ ಮುಂಚೆ ಗೌರಮ್ಮನದು ಕೊನೆಯದಾಗಿ ಒಂದು ಆಟ ಆಗಲಿ ಎಂದಳು. ಟ್ಯಾಂಕಿನ ಕ್ಯಾಸೆಟ್ಟು ಸಿಕ್ಕಿಸಿದರು. ಅಡ್ಡಗೆರೆಗಳು ಓಡಿದವು. ಗೌರಮ್ಮ ಅದನ್ನು ಕಿತ್ತು ಎರಡೂ ಕೈಯಿಂದ ನನ್ನ ಮುಂದೆ ಹಿಡಿದಳು. ವೀರಭದ್ರಪ್ಪ ನಕ್ಕು, "ಇದೊಂದ ಸಲ ಊದಿಬಿಡ್ರಿ ಮಾಸ್ತರ್ರ. ಹೊಸಾದು ಬಂದ್ರ ನಿಮ್ಗ ಈ ತ್ರಾಸ ಇರಂಗಿಲ್ಲ. ಆರಾಮ ಮಲಗ್ರಿ" ಎಂದ.

ಈ ಮಾತನ್ನು ನಾನು ಹಿಂದೆಯೂ ಕೇಳಿದ್ದೆ. ಆಗ ಜೊತೆಗೆ ಹಾರ ಇತ್ತು. ಕ್ಯಾಸೆಟ್ಟನ್ನು ಬಾಯಿಯ ಹತ್ತಿರ ಹಿಡಿದವನು ಒಂದು ಗಳಿಗೆ ಹಾಗೆಯೇ ನಿಂತೆ. ನಾಲ್ಕೂ ಜನ ನನ್ನನ್ನೇ ನೋಡುತ್ತಿದ್ದರು. ಲಿಂಗಸುಗೂರು ಬಿಟ್ಟ ಮೇಲೆ ನನ್ನ ಬಾಯಿಯ ಗಾಳಿಗಾಗಿ ಯಾರಾದರೂ ಉಸಿರು ಬಿಗಿಹಿಡಿದು ಕಾಯುತ್ತಿದ್ದರೆ ಅದು ಈ ಪಡಸಾಲೆಯಲ್ಲಿ, ದಿನಾ ಎರಡೂಕಾಲಿಗೆ ಮಾತ್ರ. ನಾಳೆಯಿಂದ ನಾನು ಇಲ್ಲಿಗೆ ಏನು ಹಿಡಿದುಕೊಂಡು ಬರಬೇಕು? ಎದೆ ತುಂಬ ಎಳೆದುಕೊಂಡು ಊದಿದೆ. ಸಿಕ್ಕಿಸಿದರು. ಟ್ಯಾಂಕುಗಳು ಸಾಲಾಗಿ, ಎಡಬಲ ತಪ್ಪದೆ ಬಂದು ನಿಂತವು.

ಆಟದ ನಡುವೆಯೇ ನಾನು ನನ್ನ ತೀರ್ಮಾನ ಹೇಳಿದೆ. ಸಿನಿಮಾ ಮೂರು ತಾಸು, ಕರೆಂಟು ಎರಡು ತಾಸು, ಇದು ವೇಳಾಪಟ್ಟಿಗೆ ಹೊಂದುವುದಿಲ್ಲ. ಆದ್ದರಿಂದ ನನ್ನ ಮತ ಹಳೆಯದಕ್ಕೆ. ಎರಡಕ್ಕೆ ಎರಡು ಬರಾಬರಿ ಆಯಿತಲ್ಲ ಎಂದ ವೀರಭದ್ರಪ್ಪ. ಬರಾಬರಿಯಾದರೆ ಅಧ್ಯಕ್ಷನಿಗೆ ಇನ್ನೊಂದು ಮತ ಇರುತ್ತದೆ ಎಂದೆ. ನಿಮ್ಮನ್ನು ಅಧ್ಯಕ್ಷರನ್ನಾಗಿ ಮಾಡಿದವರು ಯಾರು ಎಂದು ಅವನು ಕೇಳಿದ. ನಾನು ಮೊಳೆಯ ಮೇಲಿನ ಸೀಟಿಯ ಕಡೆ ನೋಡಿದೆ. ಅವನು ಎಲೆಅಡಿಕೆಯ ಚೀಲ ಬಿಚ್ಚತೊಡಗಿದ. ಗೌರಮ್ಮ ಪರದೆಯಿಂದ ಕಣ್ಣು ತೆಗೆಯದೆ, ರೊಟ್ಟಿ ಬಡಿಯುವ ವೇಗದಲ್ಲಿ ಗುಂಡಿ ಒತ್ತುತ್ತ, "ಹಂಗಾರ ನಾಳೆ ಬರತೀನ್ರಿ ಅಕ್ಕಾರ, ಮನ್ಯಾಗ ಅಂಥಾ ಕೆಲಸೇನಿಲ್ಲ" ಎಂದಳು. ಹೋಗುವಾಗ ಕ್ಯಾಸೆಟ್ಟು ಕೆಂಪು ಬಟ್ಟೆಯಲ್ಲಿ ಅವಳ ಸೊಂಟದಲ್ಲಿತ್ತು.

ಎಲ್ಲರೂ ಹೋದ ಮೇಲೆ ಶರಣಮ್ಮ ಕೇಳದೆಯೇ ಎರಡನೆಯ ಚಹಾ ತಂದು ಕೊಟ್ಟಳು. ಅವಳ ಮೆಚ್ಚುಗೆ ಸಾಮಾನ್ಯವಾಗಿ ಚಹಾದ ರೂಪದಲ್ಲಿಯೇ ಬರುತ್ತದೆ. "ಗೌರಮ್ಮನ ಸಲುವಾಗಿ ಭಾಳ ದೊಡ್ಡ ಮನಸ್ಸು ಮಾಡಿದ್ರಿ" ಎಂದಳು. ಏನೋ, ಆ ಹೆಣ್ಣುಮಗಳಿಗೂ ಒಂದು ಹೊತ್ತು ಹೋಗಲಿ ಎಂದು ನಾನು ಗಂಭೀರವಾಗಿ ಹೇಳಿ, ಚಹಾ ತಣ್ಣಗಾಗುವ ಮೊದಲೇ ಕುಡಿದುಬಿಟ್ಟೆ. ಆಮೇಲೆ ಅವಳು ಹಿತ್ತಲಿಗೆ ಹೋದದ್ದನ್ನು ಖಚಿತ ಮಾಡಿಕೊಂಡು, ಉಳಿದ ಮೂರು ಕ್ಯಾಸೆಟ್ಟುಗಳನ್ನು ಯಾರೂ ಹೇಳದಿದ್ದರೂ ಒಂದೊಂದಾಗಿ ತೆಗೆದುಕೊಂಡು, ಕಾಲು ಜೋಡಿಸಿ ನೆಟ್ಟಗೆ ನಿಂತು ಊದಿ, ಸಾಲಾಗಿ ಇಟ್ಟು ಬಟ್ಟೆ ಮುಚ್ಚಿದೆ. ಅಂದಿನ ಕೆಲಸ ಅಲ್ಲಿಗೆ ಮುಗಿಯಿತು.