ಟೀವಿಯೊಳಗಿನ ಊರು, ಭವಾನಿಪುರಂ ಜನ

ಬ್ಯಾಂಕಿನ ಕೆಲಸದಲ್ಲಿ ಊರೂರು ತಿರುಗಿದವನು ನಗುವುದಕ್ಕೆ ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ಮಹಡಿ ಮೇಲೊಂದು ಮನೆ ಬಾಡಿಗೆಗೆ ಹಿಡಿದು, ಸಂಜೆ ಮನೆಯೊಡೆಯರ ಟೀವಿ ಮುಂದೆ ಕೂತರೆ ಸಾಕು, ಮಿಕ್ಕಿದ್ದೆಲ್ಲ ತಾನಾಗಿ ಆಗುತ್ತದೆ. ಎಂಬತ್ತರ ದಶಕದ ಕೊನೆಯಲ್ಲಿ ನನ್ನನ್ನು ದಾವಣಗೆರೆಯಿಂದ ಎತ್ತಿ ವಿಜಯವಾಡಕ್ಕೆ ಹಾಕಿದರು. ಬೆಂಜ್ ಸರ್ಕಲ್ ಹತ್ತಿರ ಶಾಖೆ, ಭವಾನಿಪುರಂನಲ್ಲಿ ಮನೆ. ಮೇಲೆ ನಾನು, ಹೆಂಡತಿ, ಏಳು ವರ್ಷದ ಮಗಳು. ಕೆಳಗೆ ಮನೆಯೊಡತಿ. ಬೀದಿಗೆ ಬೀದಿಯೇ ಅವರನ್ನು ಪಿನ್ನಿಗಾರು ಎನ್ನುತ್ತಿತ್ತು, ಅಂದರೆ ಚಿಕ್ಕಮ್ಮನವರು. ನಾವೂ ಹಾಗೇ ಕರೆದೆವು.

ಪಿನ್ನಿಗಾರಿಗೆ ಆಗ ಐವತ್ತರ ಆಸುಪಾಸು. ಅವರ ಯಜಮಾನರು ಗೊಬ್ಬರದ ಕಂಪನಿಯಲ್ಲಿ ಸೇಲ್ಸ್‌ಮನ್ ಆಗಿದ್ದವರು. ವರ್ಷಗಳ ಹಿಂದೆ ಕೆಲಸದ ಮೇಲೆ ಕಡಲ ದಂಡೆಯ ಒಂದು ಊರಿಗೆ ಹೋದರು, ಹಿಂದೆಯೇ ದೊಡ್ಡ ತುಫಾನು ಬಂತು, ಅವರು ಮಾತ್ರ ವಾಪಸು ಬರಲಿಲ್ಲ. ಹೆಣವೂ ಸಿಗಲಿಲ್ಲ. ಪಿನ್ನಿಗಾರು ಬೊಟ್ಟು ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ. ಯಜಮಾನರು ಎಲ್ಲಿ ಎಂದು ಹೊಸಬರು ಯಾರಾದರೂ ಕೇಳಿದರೆ, "ಕ್ಯಾಂಪಿಗೆ ಹೋಗಿದ್ದಾರೆ" ಎನ್ನುತ್ತಿದ್ದರು.

ಹೀಗಿರುವಾಗ ಟೀವಿಯಲ್ಲಿ ಪ್ರತಿ ಗುರುವಾರ ಸಂಜೆ ತೆಲುಗಿನ ಒಂದು ಧಾರಾವಾಹಿ ಶುರುವಾಯಿತು. ತುಫಾನಿಗೆ ಸಿಕ್ಕಿ ನೆಲಸಮವಾದ ಒಂದು ಸಣ್ಣ ಊರು, ಉಳಿದುಕೊಂಡವರು ಅದನ್ನು ಮತ್ತೆ ಕಟ್ಟುವ ಕಥೆ. ಅದರ ನಾಯಕಿ ಬಸ್ ಸ್ಟ್ಯಾಂಡಿನ ಪಕ್ಕ ಇಡ್ಲಿ ಹೋಟೆಲು ಇಟ್ಟುಕೊಂಡು, ಕಾಣೆಯಾದ ಗಂಡನ ದಾರಿ ಕಾಯುತ್ತಿರುತ್ತಾಳೆ. ಬೀದಿಯಲ್ಲಿ ಬಣ್ಣದ ಟೀವಿ ಇದ್ದದ್ದು ಪಿನ್ನಿಗಾರ ಮನೆಯಲ್ಲಿ. ಇನ್ನು ಕೇಳಬೇಕೆ? ಗುರುವಾರ ಹಾಲ್ ತುಂಬಿ, ಕಿಟಕಿಗೂ ಜನ. ಅವಳ ಗಂಡ ಬರುತ್ತಾನೋ ಇಲ್ಲವೋ ಎಂಬುದು ನಮಗೆ ಬರೀ ಕಥೆ. ಪಿನ್ನಿಗಾರಿಗೆ ಹಾಗಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಬಂದುಬಿಡಲಪ್ಪ ಎಂದು ನಾವೆಲ್ಲ ಆಸೆಪಟ್ಟದ್ದು ಅವರಿಗಾಗಿಯೇ.

ಎರಡನೇ ಕೀಲಿ

ನಮ್ಮ ಶಾಖೆಯಲ್ಲಿ ನನ್ನನ್ನು ಬಿಟ್ಟರೆ ಕನ್ನಡದವರು ಒಬ್ಬರೇ, ಹುಬ್ಬಳ್ಳಿ ಕಡೆಯ ಹೆಡ್ ಕ್ಯಾಷಿಯರು. ಒಂಟಿ ಮನುಷ್ಯ ಬೇಜಾರು ಮಾಡಿಕೊಂಡಿರುತ್ತಾರೆ ಎಂದು ಒಂದು ಗುರುವಾರ ಕರೆದುಕೊಂಡು ಬಂದೆ. ಆವತ್ತಿನ ಕಂತಿನಲ್ಲಿ ಬ್ಯಾಂಕ್ ಮ್ಯಾನೇಜರು ಮೊಣಕಾಲುದ್ದ ಕೆಸರು ದಾಟಿ ಬಂದು, ಜೇಬಿನಿಂದ ಕೀಲಿ ತೆಗೆದು ಸೇಫ್ ತೆರೆದು, "ನಿಮ್ಮ ಒಡವೆಗಳೆಲ್ಲ ಹಾಗೇ ಇವೆ" ಎಂದು ಊರಿನ ಹೆಂಗಸರಿಗೆ ತೋರಿಸುತ್ತಾನೆ. ಹಾಲ್‌ನಲ್ಲಿ ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರು.

"ಏ ಏ ಏ, ನಿಂದರಸ್ರಿ!" ಎಂದು ಕ್ಯಾಷಿಯರು ಎದ್ದು ನಿಂತರು. "ಒಬ್ಬನ ಹೆಂಗ್ ತಗದಾನ್ರೀ ಅಂವಾ? ಇನ್ನೊಂದ್ ಕೀಲಿ ಎಲ್ಲೈತಿ?"

ಬ್ಯಾಂಕಿನ ಸೇಫಿಗೆ ಎರಡು ಕೀಲಿ, ಒಂದು ಮ್ಯಾನೇಜರ ಹತ್ತಿರ, ಇನ್ನೊಂದು ಕ್ಯಾಷಿಯರ ಹತ್ತಿರ, ಎರಡೂ ಸೇರದೆ ಅದು ತೆರೆಯುವುದಿಲ್ಲ ಎಂದು ನಾನು ಎಲ್ಲರಿಗೂ ನನ್ನ ಹರಕುಮುರುಕು ತೆಲುಗಿನಲ್ಲಿ ವಿವರಿಸಿದೆ. "ತುಫಾನು ಬಂದಿದೆಯಲ್ಲ ಸಾರ್" ಎಂದರು ಯಾರೋ.

"ತುಫಾನ್ ಬರ್ಲಿ, ಪ್ರಳಯನ ಬರ್ಲಿ, ಎರಡ್ ಕೀಲಿ ಅಂದ್ರ ಎರಡ್ ಕೀಲೀನ. ಕ್ಯಾಷಿಯರ್ ಸತ್ತಿದ್ರ ಸತ್ತಾನ ಅಂತ ತೋರಸ್ಬೇಕಿಲ್ಲೋ?"

ಅದನ್ನೂ ತೆಲುಗಿಗೆ ತಿರುಗಿಸಿ ಹೇಳಿದೆ. ಪಿನ್ನಿಗಾರಿಗೆ ಸಿಟ್ಟು ಬಂತು. "ಕಾಣಿಸದವರನ್ನೆಲ್ಲ ಸತ್ತರು ಎಂದುಬಿಡುವುದೇ? ಎಲ್ಲೋ ಸಿಕ್ಕಿಹಾಕಿಕೊಂಡಿರುತ್ತಾನೆ, ಬರುತ್ತಾನೆ, ಕೂತುಕೊಳ್ಳಿ" ಎಂದರು.

ಕ್ಯಾಷಿಯರು ತೆಪ್ಪಗೆ ಕೂತರು. ಮುಂದಿನ ವಾರದಿಂದ ಎಲ್ಲರಿಗಿಂತ ಮೊದಲು ಬಂದು ಜಾಗ ಹಿಡಿಯುತ್ತಿದ್ದವರು ಅವರೇ. ನಾವೆಲ್ಲ ನಾಯಕಿಯ ಗಂಡನಿಗಾಗಿ ಕಾದೆವು, ಅವರೊಬ್ಬರು ಕ್ಯಾಷಿಯರಿಗಾಗಿ ಕಾದರು. ಧಾರಾವಾಹಿಯಲ್ಲಿ ಅಂಥದೊಂದು ಪಾತ್ರವೇ ಇರಲಿಲ್ಲ.

ಚಕ್ಕುಲಿ ದುಭಾಷಿ

ನನ್ನ ಹೆಂಡತಿಗೆ ಬರುತ್ತಿದ್ದ ತೆಲುಗು ತರಕಾರಿ ಗಾಡಿಯವರೆಗೆ ಮಾತ್ರ. ಮಗಳು ಶಾಲೆ ಸೇರಿದ ವರ್ಷದೊಳಗೆ ಕನಸಿನಲ್ಲೂ ತೆಲುಗು ಬಡಬಡಿಸುವ ಹಾಗಾಗಿದ್ದಳು. ಹಾಗಾಗಿ ಗುರುವಾರ ಅವಳೇ ಅಮ್ಮನಿಗೆ ದುಭಾಷಿ. ಸಂಬಳ ಚಕ್ಕುಲಿ. ಒಂದು ಚಕ್ಕುಲಿಗೆ ಇಷ್ಟೇ ಮಾತು ಎಂದು ಅವಳದೇ ಒಂದು ಲೆಕ್ಕ.

ಒಂದು ದಿನ ನಾಯಕಿ ಗಂಡನ ಅಂಗಿ ಹಿಡಿದುಕೊಂಡು ಬಹಳ ಹೊತ್ತು ಏನೇನೋ ಹೇಳಿಕೊಂಡು ಅತ್ತಳು. ಪಕ್ಕದವರೆಲ್ಲ ಬಿಕ್ಕುತ್ತಿದ್ದಾರೆ, ನನ್ನ ಹೆಂಡತಿಗೆ ತಡೆಯಲಾಗುತ್ತಿಲ್ಲ.

"ಏನಂತಾಳೆ ಹೇಳೇ."

"ಅಳ್ತಿದಾಳೆ."

"ಅದು ನಂಗೂ ಕಾಣ್ತಿದೆ ಕಣೇ. ಏನು ಹೇಳ್ಕೊಂಡು ಅಳ್ತಿದಾಳೆ?"

ಮಗಳು ಖಾಲಿ ಡಬ್ಬಿ ತೋರಿಸಿದಳು. ಚಕ್ಕುಲಿ ಮುಗಿದಿತ್ತು. ಇವಳು ಮಗಳನ್ನು ಬಿಟ್ಟು, ತನಗೆ ತೋಚಿದ್ದೇ ಅರ್ಥವೆಂದುಕೊಂಡು ಬೇರೆಯವರಿಗಿಂತ ಜೋರಾಗಿ ಅತ್ತಳು. ಮನೆಗೆ ಬಂದ ಮೇಲೆ, "ನಿನಗೇನು ತಿಳಿಯಿತು ಅಂತ ಅಷ್ಟು ಅತ್ತೆ?" ಎಂದು ಕೇಳಿದೆ. "ಅವಳು ಏನು ಹೇಳಿದ್ಳೋ ಗೊತ್ತಿಲ್ಲಾರೀ, ನಂಗೆ ನಮ್ಮೂರು ನೆನಪಾಯ್ತು. ಅಳೋಕೆ ಒಂದು ಜಾಗ ಸಿಕ್ತು ಅಂತ ಅತ್ತೆ. ಬರೋ ಗುರುವಾರಾನೂ ಅಳಿಸ್ತಾರಾ?" ಎಂದಳು.

ಪಾತ್ರೆಗಳ ವರ್ಗಾವಣೆ

ಇನ್ನೊಂದು ಕಂತಿನಲ್ಲಿ ನೀರು ಇಳಿದ ಮೇಲೆ ಕೆಸರಿನಿಂದ ತೆಗೆದ ಪಾತ್ರೆಗಳನ್ನೆಲ್ಲ ಶಾಲೆಯ ಅಂಗಳದಲ್ಲಿ ಗುಡ್ಡೆ ಹಾಕಿ, ಮೇಲೆ ಕೊರೆದ ಹೆಸರು ಓದಿ ಓದಿ ಅವರವರಿಗೆ ಕೊಟ್ಟರು. ಹೆಸರಿಲ್ಲದ ಪಾತ್ರೆಗಳಿಗೆ ಜಗಳವೋ ಜಗಳ. ಮಾರನೆಯ ದಿನವೇ ಪಾತ್ರೆಗೆ ಹೆಸರು ಕೊರೆಯುವವನು ನಮ್ಮ ಬೀದಿಯಲ್ಲಿ ಠಿಕಾಣಿ ಹೂಡಿದ. ಬೆಳಗಿನಿಂದ ಸಂಜೆವರೆಗೆ ಟಿಕ್ ಟಿಕ್ ಟಿಕ್.

ಪಿನ್ನಿಗಾರು ಹೊಸ ಬಿಂದಿಗೆ ಕೊಟ್ಟು ಯಜಮಾನರ ಹೆಸರು ಹೇಳಿದರು. ಅವನು ಬೇರೆ ಊರಿನವನು, ಪಾಪ, ಗೊತ್ತಿಲ್ಲ. "ಮನೆಯಲ್ಲಿದ್ದಾರಾ ಅಮ್ಮಾ? ಹೆಸರು ಸರಿಯಿದೆಯಾ ಅಂತ ಒಮ್ಮೆ ನೋಡಿಬಿಡಲಿ" ಎಂದ.

"ಕ್ಯಾಂಪಿಗೆ ಹೋಗಿದ್ದಾರೆ. ನೀನು ಆಳವಾಗಿ ಕೊರೆ. ಅವರು ಬಂದು ನೋಡುವ ಹೊತ್ತಿಗೆ ಸವೆದಿರಬಾರದು" ಎಂದರು ಪಿನ್ನಿಗಾರು.

ಸರಿ, ನಮ್ಮವಳೂ ಒಂದು ರಾಶಿ ಪಾತ್ರೆ ಇಳಿಸಿದಳು. ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟು ಹಾಗೇ ಕೊರೆಸಿದಳು. ಸಂಜೆ ನೋಡಿದರೆ ಲೋಟ, ಸೌಟು, ಜರಡಿ ಎಲ್ಲದರ ಮೇಲೂ ಬರೀ 'ದಾವಣಗೆರೆ'.

"ಇದೇನೇ? ಹೆಸರು ಬಿಟ್ಟು ಊರು ಕೊರೆಸಿದ್ದೀಯ?"

"ಕೃಷ್ಣೆ ಉಕ್ಕಿ ಬಂದ್ರೆ ಯಾರಾದ್ರೂ ಓದಿ ಊರಿಗೆ ಕಳಿಸ್ಲಿ ಅಂತ. ನಿಮ್ಮನ್ನ ನಂಬಿಕೊಂಡು ನಮಗಂತೂ ಟ್ರಾನ್ಸ್‌ಫರ್ ಸಿಗಲ್ಲ, ಪಾತ್ರೆಗಾದ್ರೂ ಸಿಗ್ಲಿ."

"ನದಿ ಹರಿಯೋದು ನಮ್ಮ ಕಡೆಯಿಂದ ಈ ಕಡೆಗೆ ಕಣೇ. ಇಲ್ಲಿಂದ ತೇಲಿದರೆ ಸಮುದ್ರಕ್ಕೇ ಹೋಗೋದು" ಎಂದೆ.

ಅವಳು ಸೌಟನ್ನು ನನ್ನ ಮುಖದ ಹತ್ತಿರ ಹಿಡಿದು ಹೇಳಿದಳು: "ಅಂದ್ರೆ ನದಿ ಯಾವ ಕಡೆ ಹರೀಬೇಕು ಅನ್ನೋದನ್ನೂ ನಿಮ್ಮ ಹೆಡ್ ಆಫೀಸಿನೋರೇ ನೋಡ್ಕೋತಾರೆ ಅನ್ನಿ."

ಸಮಯಕ್ಕೆ ಸರಿಯಾಗಿ

ಒಂದು ಗುರುವಾರ ನಾಯಕಿಯ ಮನೆಗೆ ನೆಂಟರ ದಂಡೇ ಬಂತು. ಇನ್ನೆಷ್ಟು ದಿನ ಕಾಯುತ್ತೀಯ, ಅವನು ಬರುವುದಿಲ್ಲ, ಆಗಬೇಕಾದ ಶಾಸ್ತ್ರ ಆಗಲಿ ಎಂದು ಅವಳನ್ನು ಮಣೆಯ ಮೇಲೆ ಕೂರಿಸಿದರು. ಒಬ್ಬ ಮುದುಕಿ ಬಳೆ ಒಡೆಯಲು ಅವಳ ಕೈ ಹಿಡಿದಳು. ಹಾಲ್‌ನಲ್ಲಿ ಯಾರಿಗೂ ಪಿನ್ನಿಗಾರ ಕಡೆ ತಿರುಗಿ ನೋಡುವ ಧೈರ್ಯವಿಲ್ಲ.

ಪಿನ್ನಿಗಾರು ಎದ್ದರು. ಟಪ್ ಎಂದು ಟೀವಿ ಆರಿಸಿದರು.

"ಅಯ್ಯೋ ಪಿನ್ನಿಗಾರೂ!" ಎಂದು ಕಿಟಕಿಯವರು ಕೂಗಿಕೊಂಡರು.

"ಆ ನೆಂಟರು ಎದ್ದು ಹೋಗುವ ತನಕ ನಾನು ಹಾಕುವುದಿಲ್ಲ."

ಅಷ್ಟೂ ಜನ ಕಪ್ಪು ಪರದೆ ನೋಡುತ್ತಾ ಕೂತೆವು. ಒಬ್ಬರೂ ಎದ್ದು ಹೋಗಲಿಲ್ಲ. ಪಿನ್ನಿಗಾರು ಒಳಗಿನಿಂದ ಮಜ್ಜಿಗೆ ತಂದು ಎಲ್ಲರಿಗೂ ಕೊಟ್ಟರು. ಅವರ ಬಳೆಗಳು ಲೋಟಕ್ಕೆ ತಾಗಿ ಸದ್ದು ಮಾಡುತ್ತಿದ್ದವು. ನಾವು ಕೇಳದವರಂತೆ ಕುಡಿದೆವು. ನೆಂಟರು ಹೋಗಿರಬಹುದು ಎಂದು ಅವರಿಗೆ ಅನಿಸಿದ ಮೇಲೆ ಟೀವಿ ಹಾಕಿದರು. ಹಿಂದಿಯಲ್ಲಿ ಗೋಧಿ ಬೆಳೆಯ ವಿಚಾರ ಹೇಳುತ್ತಿದ್ದರು.

ಅತ್ತ ನಾಯಕಿ ತಾನೇ ಎದ್ದು, ಒಲೆಯ ಸೌದೆ ಕೈಗೆತ್ತಿಕೊಂಡು ನೆಂಟರನ್ನು ಓಡಿಸಿದಳಂತೆ. ಬೇರೆ ಮನೆಯಲ್ಲಿ ನೋಡಿದವರು ಹೇಳಿದರು. ಆದರೆ ಮುಂದಿನ ಗುರುವಾರ ಅವಳು ಬೊಟ್ಟು, ಬಳೆ ಸಮೇತ ಇಡ್ಲಿ ಬಡಿಸುತ್ತಾ ಕಾಣಿಸಿಕೊಂಡಾಗ ಪಿನ್ನಿಗಾರು ನಮ್ಮೆಲ್ಲರ ಕಡೆ ತಿರುಗಿ, "ನೋಡಿದಿರಾ? ಇನ್ನೊಂದು ನಿಮಿಷ ತಡ ಮಾಡಿದ್ದರೆ ಅನ್ಯಾಯವಾಗಿ ಹೋಗುತ್ತಿತ್ತು" ಎಂದರು. ಎಲ್ಲರೂ ಹೌದು ಹೌದು ಎಂದು ತಲೆಯಾಡಿಸಿದೆವು. ಹುಬ್ಬಳ್ಳಿಯ ಕ್ಯಾಷಿಯರಂತೂ ಎದ್ದು ನಿಂತು ಕೈ ಮುಗಿದರು.

ಋಷಿಕೊಂಡದಲ್ಲಿ

ನಾನು ಕರ್ನಾಟಕಕ್ಕೆ ವರ್ಗ ಕೇಳಿದೆ. ವಿಶಾಖಪಟ್ಟಣಕ್ಕೆ ಹಾಕಿದರು. ಪಶ್ಚಿಮಕ್ಕೆ ಹೋಗಬೇಕಾದವನನ್ನು ಪೂರ್ವಕ್ಕೆ ನೂಕಿದ್ದರ ಬಗ್ಗೆ ನನ್ನ ಹೆಂಡತಿ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ನಾವು ಹೋದ ಕೆಲವು ತಿಂಗಳಿಗೆ ಪಿನ್ನಿಗಾರು ಯಾವುದೋ ಮದುವೆಗೆಂದು ಅಲ್ಲಿಗೆ ಬಂದವರು ನಮ್ಮ ಮನೆಯಲ್ಲಿ ಉಳಿದುಕೊಂಡರು. ಭಾನುವಾರ ಎಲ್ಲರೂ ಋಷಿಕೊಂಡದ ಕಡಲತೀರಕ್ಕೆ ಹೋದೆವು. ಪಿನ್ನಿಗಾರು ಮರಳಿನ ಮೇಲೆ ಸಮುದ್ರಕ್ಕೆ ಬೆನ್ನು ಹಾಕಿ ಕೂತರು. ಮಾತು ಬಿಟ್ಟ ನೆಂಟರ ಮನೆಯಲ್ಲಿ ಕೂತ ಹಾಗೆ, ಒಮ್ಮೆಯೂ ತಿರುಗಲಿಲ್ಲ. ಅಷ್ಟರಲ್ಲಿ ಒಂದು ಅಲೆ ಬೇರೆಯವುಗಳಿಗಿಂತ ಮುಂದೆ ಬಂದು ಅವರ ಸೀರೆ, ಪಾದ ಎಲ್ಲ ತೋಯಿಸಿಬಿಟ್ಟಿತು. ಮಗಳು ಕಿರುಚಿದಳು. ಪಿನ್ನಿಗಾರು ಕೂತಲ್ಲಿಂದ ಕದಲಲಿಲ್ಲ.

"ಕಾಲು ಹಿಡಿಯಲು ಬಂದಿದೆ, ನೋಡು. ಬರಿಗೈಯಲ್ಲಿ ಬಂದು ಕಾಲು ಹಿಡಿದರೆ ಆಗಿಹೋಯಿತೇ? ತೆಗೆದುಕೊಂಡು ಹೋದದ್ದನ್ನು ತಂದುಕೊಡಲು ಹೇಳು, ಆಮೇಲೆ ಮಾತಾಡೋಣ" ಎಂದರು.

ಕೊನೆಯ ಕಂತು

ಅಂತೂ ಧಾರಾವಾಹಿ ಮುಗಿಯುವ ವಾರ ಬಂತು. ನನ್ನ ಬ್ಯಾಂಕಿಗೆ ಒಂದು ಫೋನು. ಭವಾನಿಪುರಂನ ಮೆಡಿಕಲ್ ಶಾಪಿನಿಂದ ಪಿನ್ನಿಗಾರು.

"ಬಾಬೂ, ಗುರುವಾರ ಮುಗಿಯುತ್ತದಂತೆ. ನಾನು ಟೀವಿ ಹಾಕುವುದಿಲ್ಲ, ನನಗೆ ಆಗುವುದಿಲ್ಲ. ನೀನು ನೋಡು. ಅವನು ಬಂದರೆ ಮಾತ್ರ ಫೋನ್ ಮಾಡು. ಬರದಿದ್ದರೆ ಮಾಡಬೇಡ."

ಗುರುವಾರ ನಾವು ಮೂವರೂ ಟೀವಿ ಮುಂದೆ ಕೂತೆವು. ನಾಯಕಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಳೆ. ಬಸ್ಸು ಬಂತು, ಎಲ್ಲರೂ ಇಳಿದರು. ಅವನಿಲ್ಲ. ಅವಳು ವಾಪಸು ಬಂದು ಒಲೆ ಹೊತ್ತಿಸಿದಳು. ಮುಗಿಯಿತು.

"ಎಂಥ ಕಲ್ಲುಮನಸ್ಸಿನೋರು!" ಎಂದಳು ಹೆಂಡತಿ. "ಈಗೇನ್ರೀ ಮಾಡೋದು? ಫೋನ್ ಬರ್ಲಿಲ್ಲ ಅಂತ ಆ ಜೀವ ಒಂದೇ ಸಮನೆ ಕಾಯ್ತಿರುತ್ತೆ."

"ಬಂದ ಅಂತ ಹೇಳಿಬಿಡೋಣ" ಎಂದೆ.

"ಬಸ್ಸಲ್ಲಿ ಬೇಡಪ್ಪಾ" ಎಂದಳು ಮಗಳು. "ಬಸ್ಸಲ್ಲಿ ಬರ್ಲಿಲ್ಲ ಅಂತ ಎಲ್ರೂ ನೋಡಿದಾರೆ. ರೈಲಲ್ಲಿ ತಗೊಂಡು ಬಾ."

ಬೆಳಗ್ಗೆ ಎಸ್‌ಟಿಡಿ ಬೂತಿಗೆ ಮೂವರೂ ಹೋದೆವು. ಮೆಡಿಕಲ್ ಶಾಪಿನವನು ನನ್ನ ದನಿ ಕೇಳಿದ್ದೇ, "ನೀವೂನಾ ಸಾರ್? ಇಲ್ಲೇ ಇದ್ದಾರೆ, ಕೊಡುತ್ತೇನೆ" ಎಂದ. ನಾನು ಒಂದೇ ಉಸಿರಿಗೆ ಶುರುಮಾಡಿದೆ: "ಪಿನ್ನಿಗಾರೂ, ಬಂದ! ರೈಲಲ್ಲಿ ಬಂದ. ಗಡ್ಡ ಬಿಟ್ಟಿದ್ದ, ಬಡವಾಗಿದ್ದ, ಆದರೂ ಅವಳು ಗುರುತು ಹಿಡಿದಳು."

ಪಿನ್ನಿಗಾರು ವಿಚಾರಿಸಿಕೊಂಡರು:

"ಊಟ ಮಾಡಿದನಾ?"

"ಮಾಡಿದ."

"ಏನು ಬಡಿಸಿದಳು?"

ಹೆಂಡತಿ ಪಕ್ಕೆ ತಿವಿದು, "ಗೋಂಗೂರ ಪಚ್ಚಡಿ ಅನ್ರೀ" ಎಂದು ಪಿಸುಗುಟ್ಟಿದಳು. ಪುಂಡಿಸೊಪ್ಪಿನ ಆ ಚಟ್ನಿಯನ್ನೇ ಹೇಳಿದೆ.

ಪಿನ್ನಿಗಾರು ನಕ್ಕರು. ಹಿಂದೆ ಅಂಗಡಿಯವನೂ ನಕ್ಕದ್ದು ಕೇಳಿಸಿತು. "ಬಾಬೂ, ಈ ಮೆಡಿಕಲ್ ಶಾಪಿನವನು ಬಾಗಿಲು ತೆಗೆಯುತ್ತಲೇ ಅವನನ್ನು ಲಾರಿಯಲ್ಲಿ ಕರೆದುಕೊಂಡು ಬಂದ. ಪಕ್ಕದ ಮನೆ ಟೀಚರಮ್ಮ ದೋಣಿಯಲ್ಲಿ ಇಳಿಸಿದಳು. ಹಾಲಿನವನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದ. ನೀನು ರೈಲಲ್ಲಿ ತಂದೆ. ಒಬ್ಬೊಬ್ಬನಿಗೆ ಒಂದೊಂದು ಊಟ. ಎಷ್ಟು ಒಳ್ಳೆಯವರು ನೀವೆಲ್ಲ!"

ರಿಸೀವರಿಗೆ ಕಿವಿಯಿಟ್ಟಿದ್ದ ಹೆಂಡತಿಯ ಕಣ್ಣು ತುಂಬಿತ್ತು. ಪಿನ್ನಿಗಾರು ಮೂಗೆಳೆದುಕೊಂಡ ಸದ್ದು ಕೇಳಿತು. ಆಮೇಲೆ ಸ್ವರ ಸರಿಮಾಡಿಕೊಂಡು ಹೇಳಿದರು:

"ಆ ಹುಡುಗಿಗೆ ನಾಲ್ಕು ನಾಲ್ಕು ಗಂಡಂದಿರು ಯಾಕೆ ಬಾಬೂ? ಒಬ್ಬರನ್ನು ಭವಾನಿಪುರಂಗೆ ಕಳಿಸು ಅನ್ನು. ಮುದುಕರಾಗಿದ್ದರೂ ಪರವಾಗಿಲ್ಲ."