ಓದದೇ ಹಾಕಿದ ರುಜು

ಓದದೇ ರುಜು ಹಾಕುವುದು ಒಂದು ಚಟ. ನಶ್ಯ ಬಿಟ್ಟವರನ್ನು ಕಂಡಿದ್ದೇನೆ, ಇದನ್ನು ಬಿಟ್ಟ ಗುಮಾಸ್ತರನ್ನು ಕಂಡಿಲ್ಲ. ರೈಲ್ವೆಯವರು ನನ್ನನ್ನು ಮೈಸೂರಿನಿಂದ ಎತ್ತಿ ಬರೋಡಕ್ಕೆ ಹಾಕಿ ಆರು ವರ್ಷವಾಯಿತು. ಗುಜರಾತ್ ಬೇರೆ ರಾಜ್ಯವಾದ ಮೇಲೆ ಮನೆಗೆ ಬರುವ ಕಾಗದಗಳೆಲ್ಲ ಗುಜರಾತಿಯಲ್ಲೇ. ಆ ಅಕ್ಷರ ನನಗೆ ಬಾರದೆಂಬ ಗುಟ್ಟು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಕನ್ನಡಕ ಏರಿಸಿ, ಎರಡು ಸಲ "ಹೂಂ" ಎಂದು, ರುಜು ಜಡಿಯುತ್ತೇನೆ.

ಜೂನ್ ತಿಂಗಳಲ್ಲಿ ಮಗಳು ಪದ್ಮ ಹೈಸ್ಕೂಲಿಗೆ ಸೇರುವ ಕಾಗದ ಚಾಚಿದಾಗಲೂ ಅಷ್ಟೇ ಮಾಡಿದೆ. ಎರಡು ಪಾಳಿಯಲ್ಲಿ ನಡೆಯುವ ದೊಡ್ಡ ಸರ್ಕಾರಿ ಶಾಲೆ ಅದು. ವಿಜ್ಞಾನ, ವಾಣಿಜ್ಯದ ಜೊತೆಗೆ ಚಿತ್ರ, ಶಿಲ್ಪ ಕಲಿಸುವ ವಿಭಾಗವೂ ಇದೆ. ಪದ್ಮ ಡಾಕ್ಟರಾಗುತ್ತಾಳೆಂದು ನಾನು ನೆಂಟರಿಗೆಲ್ಲ ಬರೆದಾಗಿತ್ತು. ಮೂರು ತಿಂಗಳ ಮೇಲೆ, ಅವಳ ಲಂಗದ ತುಂಬ ಜೇಡಿಮಣ್ಣು ಕಂಡ ನನ್ನ ಹೆಂಡತಿ, "ಏನ್ರೀ, ವಿಜ್ಞಾನದಲ್ಲಿ ಮಣ್ಣು ಕಲಸ್ತಾರಾ?" ಎಂದಳು.

"ನಾನು ಶಿಲ್ಪಕ್ಕಲ್ವಾಮ್ಮಾ ಸೇರಿರೋದು? ಅಪ್ಪಾನೇ ಓದಿ ಸೈನ್ ಮಾಡಿದ್ರು" ಎಂದಳು ಪದ್ಮ.

ಓದಿಲ್ಲ ಎಂದರೆ ಮಾನ ಹೋಗುತ್ತದೆ, ಓದಿದ್ದೆ ಎಂದರೆ ಡಾಕ್ಟರು ಹೋಗುತ್ತಾಳೆ. ಮಾರನೆಯ ದಿನ ಗುಟ್ಟಾಗಿ ಅರ್ಧ ದಿನ ರಜೆ ಹಾಕಿ, ಅವಳನ್ನು ವಿಜ್ಞಾನಕ್ಕೆ ಬದಲಾಯಿಸಲು ಶಾಲೆಗೆ ಓಡಿದೆ.

ಹೆಡ್‌ಮಾಸ್ತರರ ಕೋಣೆಯ ಮುಂದೆ ಮಕ್ಕಳು ಮಾಡಿದ ಮೂರ್ತಿಗಳನ್ನು ಸಾಲಾಗಿ ಇಟ್ಟಿದ್ದರು. ನಡುವೆ ನಾನೇ ಕೂತಿದ್ದೆ! ಮೊಣಕಾಲೆತ್ತರದ ಮಣ್ಣಿನ ನಾನು. ಬರಿಮೈ, ಪಂಚೆ, ಹೊಟ್ಟೆಯ ಮೂರೂ ಮಡಿಕೆ. ಎರಡೂ ಕೈಯಲ್ಲಿ ಜನಿವಾರ ಹಿಡಿದು, ಗರಗಸ ಎಳೆದ ಹಾಗೆ ಬೆನ್ನು ತುರಿಸಿಕೊಳ್ಳುತ್ತ, ಸುಖಕ್ಕೆ ಕಣ್ಣು ಮುಚ್ಚಿದ್ದೇನೆ. ಜನಿವಾರಕ್ಕೆ ಕಟ್ಟಿದ ಬೀರುವಿನ ಬೀಗದಕೈಯನ್ನೂ ಹುಡುಗಿ ಬಿಟ್ಟಿಲ್ಲ! ಭಾನುವಾರ ಊಟವಾದ ಮೇಲೆ ಬಾಗಿಲು ಹಾಕಿಕೊಂಡು ಮಾಡುವ ಕೆಲಸವನ್ನು ಎರಡು ಪಾಳಿಯ ಮಕ್ಕಳೂ ನೋಡಿಯಾಗಿತ್ತು.

"ಆವೋ, ಆವೋ, ರಾವ್ ಸಾಹೇಬ್!" ಹಿಂದೆಂದೂ ನನ್ನನ್ನು ನೋಡಿರದ ಹೆಡ್‌ಮಾಸ್ತರರು ಗುರುತು ಹಿಡಿದೇ ಬಂದರು. "ನಿಮ್ಮ ಮಗಳು ನಿಮ್ಮನ್ನು ಎಷ್ಟು ಅಕ್ಕರೆಯಿಂದ ನೋಡಿದ್ದಾಳೆ, ನೋಡಿ" ಎಂದರು ಹಿಂದಿಯಲ್ಲಿ.

ನೋಡಿದೆ. ಎಡಹೆಗಲು ಬಲಗಡೆಗಿಂತ ತುಸು ಇಳಿದಿತ್ತು. ಮುಟ್ಟಿ ನೋಡಿಕೊಂಡೆ, ನನ್ನದೂ ಹಾಗೇ ಇದೆ! ಇಷ್ಟು ವರ್ಷ ನನಗೇ ತಿಳಿದಿರಲಿಲ್ಲ. ನನ್ನನ್ನು ಯಾರೂ ಇಷ್ಟು ಗಮನವಿಟ್ಟು ನೋಡಿದ್ದಿಲ್ಲ. "ಅವಳು ಇಲ್ಲೇ ಇರಲಿ" ಎಂದುಬಿಟ್ಟೆ. ಹೆಡ್‌ಮಾಸ್ತರರು ಹಿಗ್ಗಿ, ನನಗೆ ಹಿಡಿಯಲಾಗದ ವೇಗದಲ್ಲಿ ಗುಜರಾತಿಯಲ್ಲಿ ಏನೇನೋ ಹೇಳಿ ಒಂದು ಕಾಗದ ಮುಂದಿಟ್ಟರು. ಒಪ್ಪಿಗೆ ಪತ್ರವಿರಬೇಕು. ಕನ್ನಡಕ ಏರಿಸಿ, ಎರಡು ಸಲ "ಹೂಂ" ಎಂದು ರುಜು ಹಾಕಿದೆ.

ಸಂಜೆ ಅದರ ನಕಲು ಓದಿದ ಪದ್ಮ ಕಣ್ಣರಳಿಸಿದಳು. "ಅಪ್ಪಾ, ನಿಜವಾಗ್ಲೂ ಒಪ್ಕೊಂಡ್ರಾ? ಪ್ರತಿ ಶನಿವಾರ ನಮ್ಮ ಕ್ಲಾಸ್ ಮುಂದೆ ಮಾಡೆಲ್ ಆಗಿ, ಆ ಮೂರ್ತಿ ಥರಾನೇ ಶರ್ಟ್ ಇಲ್ದೆ ಕೂತ್ಕೋತೀರಾ?"

ಹೆಂಡತಿಯ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ಆದರೂ ಮಾನ ದೊಡ್ಡದಲ್ಲವೇ? "ಓದಿಯೇ ಹಾಕಿದ್ದು" ಎಂದೆ.

ಈಗ ಪ್ರತಿ ಶನಿವಾರ ಅರ್ಧ ದಿನದ ಕಚೇರಿ ಮುಗಿಸಿ ಹೋಗಿ, ತರಗತಿಯ ನಡುವೆ ಸ್ಟೂಲಿನ ಮೇಲೆ ಜನಿವಾರ ಹಿಡಿದು ಕೂರುತ್ತೇನೆ. ಹಿಂದಿನ ಸಾಲಿನಿಂದ ಪದ್ಮ ಎಲ್ಲರಿಗೂ ಕೇಳುವಂತೆ ಗದರುತ್ತಾಳೆ: "ಅಪ್ಪಾ, ಹೊಟ್ಟೆ ಒಳಗೆ ಎಳ್ಕೋಬೇಡಿ!"